ತಬಲಾ ಇಲ್ಲದ ಹಾಡು

ಡಿಸೆಂಬರ್ 11, ಗುರುವಾರ

ಇವತ್ತೂ ಹಾಡು ಪಕ್ಕಾ ಆಗಲಿಲ್ಲ. ಸಾಲಿ ಗ್ಯಾದರಿಂಗಿಗೆ ಎಂಟನೇ ಕ್ಲಾಸಿನ ಹುಡುಗಿ ನಿಖತ್ ಒಬ್ಬಾಕೀನ ಕುಣಿಯಾಕಿ, ಕಲಿಸಿದ ಹೆಜ್ಜಿ ಇಲ್ಲದ, ನೀರು ಹರಿದಂಗ. ಅದಕ್ಕಂತ ತಬಲಾ ಇಲ್ಲದ, ಪಿಯಾನೊ-ಸಾರಂಗಿ ಕೂಡಿಸಿದ ಹೊಸ ನಮೂನಿ ಶಾಸ್ತ್ರೀಯ ಸಂಗೀತ ಹುಡುಕಿ ಒಂಬತ್ತು ಹಚ್ಚಿದೆ. ಒಂಬತ್ತಕ್ಕೂ ಹುಡುಗಿ ಕವಾಯತು ಮಾಡಿದಂಗ ಕುಣದ್ಲು. ಹತ್ತನೇದು ಹುಡುಕೂವಾಗ ಹತ್ರ ಬಂದು ಮೆಲ್ಲಕ ಅಂದ್ಲು:

"ಅಕ್ಕೋರ, ಹಾಡು ಎಲ್ಲಾ ಚಲೋ ಅದಾವ್ರಿ. ನೀವು ಬಾಜೂಕ ನಿಂತು ಏಕ್, ದೋನ್, ತೀನ್, ಚಾರ್ ಅನ್ನೂದು ಬಿಡ್ರಿ."

ನಾ ಎಲ್ಲಿ ಅಂದೀನಿ ಅಂತ ಆಕಿ ಮ್ಯಾಲೆ ಸಿಟ್ಟಿಗೆದ್ದೆ. ಹದಿನಾಲ್ಕು ವರ್ಷ ಎಣಿಕಿ ಹಾಕಿ ಲೇಜೀಮ್ ಕವಾಯತು ಕಲಿಸಿದ ಬಾಯಿ, ನನ್ನ ಮಾತು ಎಲ್ಲಿ ಕೇಳ್ತದ?

ಈಗ ಕಿವ್ಯಾಗ ಅದ ಸಾರಂಗಿ ಹಚ್ಕೊಂಡು ಬರಿಯಾಕತ್ತೀನಿ. ಬಾಯಿ ಗಟ್ಟಿ ಮುಚ್ಚೀನಿ. ಹೊದ್ದ ಕೌದ್ಯಾಗ ಕಾಲಿನ ಹೆಬ್ಬಟ್ಟು ಎಣಸಾಕತ್ತದ.