ಹಿಂದಕ್ಕೆ ತಿರುಗಿದ ಚಕ್ರ

ಮಾರ್ಚ್ ೧೧, ಮಂಗಳವಾರ

ದಾರ ತುಂಡಾದದ್ದೇ ತಲೆಯಲ್ಲಿ ಸುತ್ತುತ್ತಿದೆ.

ಆಸ್ಪತ್ರೆಯಲ್ಲಿ ಮಂಡಿ ಬದಲಿಸಿಕೊಂಡು ಬಂದ ಮೇಲೆ ಇವತ್ತೇ ಹೊಲಿಗೆ ಮೆಷಿನ್ನಿನ ಮುಂದೆ ಕೂತದ್ದು. ಹೊಸ ಮಂಡಿ ಹೊಸ ಸೊಸೆಯ ಹಾಗೆ. ಹೇಳಿದ್ದು ಕೇಳುತ್ತದೆ, ಮನೆಯ ರೀತಿ ಗೊತ್ತಿಲ್ಲ. ಪೆಡಲನ್ನು ಹೊತ್ತಲ್ಲದ ಹೊತ್ತಿಗೆ ಒತ್ತಿತು. ಚಕ್ರ ಹಿಂದಕ್ಕೆ ತಿರುಗಿ, ದಾರ ಗಂಟಾಗಿ ತುಂಡಾಯಿತು. ಕಲಿಯುವವರು ಮಾಡುವ ತಪ್ಪು.

ಸೊಸೆಗೆ ಹೊಲಿಗೆ ಕಲಿಸುವಾಗ ನಾನು ಬೈದದ್ದನ್ನೇ ಅವಳು ನನಗೆ ತಿರುಗಿಸಿದಳು: "ಏನತ್ತೆ, ಹೊಲೀತಿದೀರೋ, ಹೊಲಿದದ್ದು ಬಿಚ್ತಿದೀರೋ?"

ನಗು ಬಂತು, ಕಣ್ಣೂ ತುಂಬಿತು. ನಾಳೆ ಮೆಕ್ಯಾನಿಕ್ ಬಂದು ಪೆಡಲು ಬಿಚ್ಚಿ ಮೋಟಾರು ಕೂರಿಸುವವನಿದ್ದ. ಮಗನ ಏರ್ಪಾಡು, ನನ್ನ ಕಾಲಿಗೆ ಸುಖವಂತೆ. ಕಾಲಿಗೆ ಕೆಲಸವೇ ಇಲ್ಲವೆಂದರೆ ಇಷ್ಟು ನೋವು ತಿಂದು ಅದನ್ನು ರಿಪೇರಿ ಮಾಡಿಸಿದ್ದೇಕೆ?

ಸೊಸೆ ನನ್ನ ಮುಖ ನೋಡಿದಳು. ಹತ್ತಿರ ಬಂದು ಚಕ್ರವನ್ನು ಕೈಯಿಂದ ಮುಂದಕ್ಕೆ ನೂಕಿದಳು. ಕಾಲು ಅದರ ಹಿಂದೆಯೇ ಹೋಯಿತು. ದಿಂಬಿನ ಕವರಿನ ಒಂದು ಅಂಚು ಹೊಲಿದೆ, ಹಾವು ಹರಿದ ಹಾಗೆ ಸೊಟ್ಟಗೆ.

ಊಟದ ಹೊತ್ತಿಗೆ ಅವಳು ಫೋನಿನಲ್ಲಿ ಮೆಕ್ಯಾನಿಕ್‌ಗೆ ಹೇಳುತ್ತಿದ್ದಳು: "ನಾಳೆ ಬೇಡಪ್ಪಾ, ನಮ್ಮತ್ತೆ ಮೆಷಿನ್ ಬಿಟ್ಟು ಏಳ್ತಾನೇ ಇಲ್ಲ. ಮುಂದಿನ ವಾರ ನೋಡೋಣ."

ಒಂದು ವಾರ ಸಿಕ್ಕಿತು. ಮಂಡಿ ಊದಿಕೊಂಡಿದೆ, ಐಸಿನ ಚೀಲ ಕರಗಿ ನೀರಾಗಿದೆ. ಎದ್ದು ದೀಪ ಆರಿಸಲೂ ಆಗುತ್ತಿಲ್ಲ. ನಾಳೆ ಇನ್ನೊಂದು ಅಂಚು, ಚಕ್ರ ನಾನೇ ನೂಕಿ...