ಇಳಿಜಾರಿಗೆ ಬೇಕಾದ ಗಾಡಿ

ಬಫಲೋ, ವಯೋಮಿಂಗ್
ಮಾರ್ಚ್ 9, 2019

ಪ್ರೀತಿಯ ಮಗಳು ಕೊರಿನ್‌ಗೆ,

ಬೆನ್ನು ನೋವು ಹೇಗಿದೆ? ಆಸರೆಯಿಲ್ಲದೆ ಹತ್ತು ನಿಮಿಷ ಕೂತೆ ಎಂದು ಅಮ್ಮನಿಗೆ ಫೋನಿನಲ್ಲಿ ಹೇಳಿದೆಯಂತೆ. ಡೆನ್ವರ್ ಆಸ್ಪತ್ರೆಯ ಊಟ ಸಪ್ಪೆ ಎಂದೂ ಹೇಳಿದೆಯಂತೆ. ಒಣಗಿಸಿದ ಎಲ್ಕ್ ಜಿಂಕೆಯ ಮಾಂಸ ಕಳಿಸಿದ್ದಾಳೆ, ನರ್ಸಿನ ಕಣ್ಣು ತಪ್ಪಿಸಿ ತಿನ್ನು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಲಾಯದಲ್ಲಿ ಟಕ್ಕರ್‌ನ ಮುಂಗಾಲಿನ ಗಾಯ ಮಾಗಿದೆ, ಈಗ ಕುಂಟುವುದಿಲ್ಲ. ಅವನ ಜೋಡಿಕುದುರೆ ಜೂನಿಪರ್‌ಳನ್ನು ಹೂಳಿದ ಕಡೆ ಹಿಮ ಕರಗಿತು, ಸುತ್ತ ಬೇಲಿ ಹಾಕಿದೆ.

ಹೊಸ ಗಾಡಿ ತೆಗೆದುಕೊಂಡೆ. ಪಿಕಪ್ ಯಾಕಲ್ಲ ಎಂದು ನೀನು ಕೇಳುತ್ತೀ. ನಿನ್ನ ಗಾಲಿಕುರ್ಚಿ ಹಿಮದಲ್ಲಿ ನೆನೆಯದೆ ಒಳಗಿರಬೇಕು, ನೀನು ಹಿಂದೆ ಕಾಲು ಚಾಚಿ ಕೂರಬೇಕು. ಅದಕ್ಕೇ ದೊಡ್ಡ ಎಸ್‌ಯುವಿ. ಅಂಗಡಿಗೆ ಹೋಗುವ ಮೊದಲು ಕುದುರೆ ಸಾಗಿಸುವ ಟ್ರೇಲರಿನಲ್ಲಿ ಟಕ್ಕರ್‌ನನ್ನೂ ಪಕ್ಕದ ಮನೆ ವರ್ಜಿಲ್‌ನ ಕುದುರೆಯನ್ನೂ ನಿಲ್ಲಿಸಿ, ಜೀನು, ಹುಲ್ಲು, ನೀರು ಎಲ್ಲ ತುಂಬಿ, ಅವನ ಟ್ರಕ್ಕಿನಲ್ಲಿ ಎಳೆಸಿಕೊಂಡು ಹೋಗಿ ತೂಕ ಹಾಕಿಸಿದೆ. ಆರು ಸಾವಿರ ಪೌಂಡಿಗೆ ಸ್ವಲ್ಪ ಕಡಿಮೆ. ನನ್ನ ಅಂದಾಜಿಗಿಂತ ಬಹಳ ಹೆಚ್ಚು.

ಕ್ಯಾಸ್ಪರ್‌ನಲ್ಲಿ ಮೊದಲು ಸಿಕ್ಕ ಮಾರಾಟಗಾರ ಬಾನೆಟ್ ತಟ್ಟಿ, "ಎಂಟು ಸಾವಿರ ಪೌಂಡ್ ಎಳೀತದೆ ಸಾರ್, ಕಣ್ಣು ಮುಚ್ಕೊಂಡು ತಗೊಳ್ಳಿ" ಅಂದ. "ಎಳೆಯೋದು ಇರ್ಲಪ್ಪಾ, ಇಳಿಜಾರಲ್ಲಿ ನಿಲ್ಸುತ್ತಾ? ಅದು ಹೇಳು" ಅಂದೆ. ಅವನು ಹಿಂದಿನ ಸೀಟಿನ ಟಿ.ವಿ. ತೋರಿಸಿದ. ನಾನು ಬಾಗಿಲು ತೆಗೆದು, ಗಾಡಿ ಎಷ್ಟು ಹೊರಬಲ್ಲದೆಂದು ಚೌಕಟ್ಟಿಗೆ ಅಂಟಿಸಿದ ತೂಕದ ಚೀಟಿಯನ್ನು ನೆಲದ ಮೇಲೆ ಕೂತು ಓದತೊಡಗಿದೆ. ನಿನ್ನಮ್ಮ ಅವನಿಗೆ, "ಈ ಮನುಷ್ಯ ಬೈಬಲ್ಲೂ ಇಷ್ಟು ಶ್ರದ್ಧೆಯಿಂದ ಓದಿಲ್ಲ, ನೋಡಪ್ಪಾ" ಅಂದಳು. ನಾವು ಮೂವರು, ನಾಯಿ, ಗಾಲಿಕುರ್ಚಿ, ಮೇಲೆ ಟ್ರೇಲರಿನ ಮೂತಿ ಕೊಕ್ಕೆಯ ಮೇಲೆ ಒತ್ತುವ ಭಾರ. ಇಷ್ಟನ್ನು ಕೂಡಿಸಿದರೆ ಆ ಗಾಡಿ ಹೊರಲಾರದು. ಎದ್ದು ಬಂದೆವು.

ಶೆರಿಡನ್‌ನ ಅಂಗಡಿಯಲ್ಲಿ ಲೆನೋರಾ ಎಂಬ ಹೆಂಗಸು ಇದ್ದಳು, ತಾನೂ ಕುದುರೆ ಸಾಕಿದವಳು. ನನ್ನ ಲೆಕ್ಕದ ಚೀಟಿ ನೋಡಿ ಕೀಲಿ ಕೊಟ್ಟಳು. "ನಿಮ್ಮ ಟ್ರೇಲರ್ ಕಟ್ಕೊಂಡು ಬೆಟ್ಟ ಹತ್ತಿ ಇಳಿದು ಬನ್ನಿ. ಆಮೇಲೆ ಮಾತು." ಅಕ್ಟೋಬರಿನಲ್ಲಿ ನೀನು ಓಡಿಸುತ್ತಿದ್ದ ನಮ್ಮ ಹಳೇ ಗಾಡಿ ಎರಡೂ ಕುದುರೆಗಳ ಸಮೇತ ಮಗುಚಿದ ಇಳಿಜಾರಿಗೇ ಹೋದೆ. ಈ ಗಾಡಿ ಉದ್ದ, ಭಾರ, ಟ್ರೇಲರಿಗೆ ಬೇರೆಯೇ ಬ್ರೇಕ್ ಇದೆ. ಆ ತಿರುವಿನಲ್ಲಿ ಬೇಕೆಂದೇ ನಿಲ್ಲಿಸಿದೆ. ನಿಂತಿತು. ಹಿಂದೆ ಟಕ್ಕರ್ ಒಮ್ಮೆ ಕಾಲು ಬಡಿದು ಸುಮ್ಮನಾದ. ಅಮ್ಮ ಕಿಟಕಿಯಾಚೆ ನೋಡುತ್ತಿದ್ದಳು. ಬಣ್ಣ ಮಾತ್ರ ಕಂದು, ನಿನಗೆ ಹಿಡಿಸುವುದಿಲ್ಲ.

ಟಕ್ಕರ್‌ನನ್ನೂ ಮಾರಿಬಿಡಿ, ನನ್ನಿಂದ ಆದದ್ದು ಸಾಕು ಎಂದು ಬರೆದಿದ್ದೀಯ. ನಾನು ಯಾರಿಗೂ ಹೇಳಿಲ್ಲ. ನೀನು ಬಂದು ಅವನ ಮುಖ ನೋಡಿ ಹೇಳು, ಆಮೇಲೆ ಮಾರುತ್ತೇನೆ.

ದೇವರು ನಿನ್ನ ಬೆನ್ನಿಗೆ ಬಲ ಕೊಡಲಿ. ನಿನ್ನನ್ನು ನೋಡಿಕೊಳ್ಳುವವರಿಗೆಲ್ಲ ನನ್ನ ವಂದನೆ ತಿಳಿಸು.

ನಿನ್ನ ಅಪ್ಪ,
ಆಲ್ಡೆನ್

ಮರೆತ ಮಾತು: ಮರೆತದ್ದಲ್ಲ, ಬರೆಯಲಾಗಲಿಲ್ಲ. ನೀನು ಹೊರಟ ದಿನ ಬೆಳಿಗ್ಗೆ ವರ್ಜಿಲ್ ಬೇಲಿಯಾಚೆಯಿಂದ ಕೂಗಿದ್ದ: "ಆ ಹಳೇ ಗಾಡಿ ಹಿಂದೆ ಟ್ರೇಲರಲ್ಲಿ ಒಂದೇ ಕುದುರೆ ಸಾಕೋ ಆಲ್ಡೆನ್. ಎರಡು ಹಾಕಿದ್ರೆ ಇಳಿಜಾರಲ್ಲಿ ಅವೇ ಗಾಡೀನ ತಳ್ತವೆ." ನಾನು ನಕ್ಕೆ. ನಿನಗೆ ಹೇಳಲಿಲ್ಲ. ಕೀಲಿ ಕೊಟ್ಟು, ಆರಾಮಾಗಿ ಹೋಗಿ ಬಾ ಎಂದೆ. ಬ್ರೇಕ್ ಒತ್ತಿದ್ದು ತಡವಾಯಿತು ಎಂದು ಐದು ತಿಂಗಳಿಂದ ನೀನು ಅಳುತ್ತೀ, ನಾನು ಸುಮ್ಮನೆ ಕೇಳುತ್ತೇನೆ. ತಪ್ಪು ನಿನ್ನದಲ್ಲ ಕೊರಿನ್. ಇವತ್ತು ಬೆಳಿಗ್ಗೆ ಅಮ್ಮನಿಗೂ ಹೇಳಿದೆ. ಅವಳು ಎದ್ದು ಲಾಯಕ್ಕೆ ಹೋದಳು, ಇನ್ನೂ ಒಳಗೆ ಬಂದಿಲ್ಲ. ಗುರುವಾರ ಬರುತ್ತೇನೆ. ನನ್ನ ಮುಖ ನೋಡುವುದು ಬೇಡವೆನಿಸಿದರೆ ನರ್ಸಿನ ಕೈಲಿ ಹೇಳಿಸು, ಕೆಳಗೆ ಗಾಡಿಯಲ್ಲೇ ಕೂತಿರುತ್ತೇನೆ.