ನಾಲ್ಕನೆಯ ದಡ

ಅಪ್ಪಾ,

ಕೋಪ ಇಟ್ಟುಕೊಂಡೇ ಬರೆಯಲು ಕೂತಿದ್ದೇನೆ. ಬರೆಯುತ್ತಾ ಇಳಿದೀತು ಅಂದುಕೊಂಡೆ, ಇಳಿಯುತ್ತಿಲ್ಲ. ಎದ್ದು ಒಲೆಯ ತನಕ ಹೋಗುತ್ತೇನೆ, ಮತ್ತೆ ಬಂದು ಕೂರುತ್ತೇನೆ.

ನಿಮ್ಮ ಅಳಿಯ ಝಲ್ಮನ್‌ನ ದೋಣಿ ಸರೋವರದಲ್ಲಿ ಮಗುಚಿದ ಮೇಲೆ ಇದು ಮೂರನೆಯ ಚಳಿಗಾಲ. ಹೆಣ ಸಿಗಲಿಲ್ಲ. ನಮ್ಮ ಯೆಹೂದಿ ಶಾಸ್ತ್ರದಲ್ಲಿ, ನಾಲ್ಕು ದಡವೂ ಕಣ್ಣಿಗೆ ಬೀಳುವ ನೀರಾದರೆ ಮುಳುಗಿದವನು ಸತ್ತನೆಂದೇ ಲೆಕ್ಕ, ಹೆಂಡತಿ ಮರುಮದುವೆ ಆಗಬಹುದು. ಒಂದು ದಡ ಕಾಣದಿದ್ದರೂ ಅವನು ಅಲ್ಲಿ ಹತ್ತಿ ಬದುಕಿರಬಹುದು, ಅವಳು ಅವನಿಗೇ ಕಟ್ಟುಬಿದ್ದವಳು. ನ್ಯಾಯ ಹೇಳುವ ರಬ್ಬಿಯ ಮಗಳಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಮುಳುಗಿದ್ದನ್ನು ಕಂಡವರು ನಿಂತಿದ್ದ ಕಟ್ಟೆಯ ಮೇಲೆ ನೀವೂ ನಿಂತು ನೋಡಿದಿರಿ. ಜೊಂಡಿನ ಹಿಂದೆ ನಾಲ್ಕನೆಯ ದಡ ಕಾಣಲಿಲ್ಲ. "ಆಗಲ್ಲ ಹೆನ್ಯಾ" ಅಂದಿರಿ, ನನ್ನ ಮುಖ ನೋಡದೆ.

ಪಕ್ಕದೂರಿನ ರಬ್ಬಿ ಪೇಸಾಖ್ ದೋಣಿ ಹತ್ತಿ ನಡುನೀರಿಗೇ ಹೋದರು. ಮಗುಚಿದ ದೋಣಿ ತಬ್ಬಿಕೊಂಡು ಉಳಿದ ಜೊತೆಗಾರನಿಗೆ ಅಲ್ಲಿಂದ ನಾಲ್ಕೂ ಕಂಡಿದ್ದವು, ಅವನ ಕಣ್ಣೇ ಸಾಕು ಅಂದರು. ಜೀವಕ್ಕಾಗಿ ಒದ್ದಾಡುವವನದು ಎಂಥ ಸಾಕ್ಷಿ ಅಂತ ನೀವು. ಇಬ್ಬರೂ ವಿಲ್ನಾದಲ್ಲಿ ಒಂದೇ ಗುರುವಿನ ಮುಂದೆ ಒಂದೇ ಬೆಂಚಿನಲ್ಲಿ ಕೂತವರು!

ನಿನ್ನೆ ಅವರ ಮನೆಗೆ ಹೋಗಿದ್ದೆ. ಮರುಮದುವೆಗೆ ಅನುಮತಿ ಕೊಟ್ಟರು. "ದಡ ಯಾರ ಕಣ್ಣಿಗೆ ಕಾಣಬೇಕು ಅಂತ ಓದುವಾಗಲೇ ಗುರುಗಳನ್ನ ಕೇಳಬಾರದಿತ್ತಾ?" ಅಂತ ರೇಗಿದೆ.

"ಆಗ ಆ ಪ್ರಶ್ನೆ ಹುಟ್ಟಿರಲಿಲ್ವಲ್ಲಮ್ಮ. ನಿನ್ನ ಗಂಡ ಮುಳುಗಿದ ಮೇಲೆ ತಾನೇ ಹುಟ್ಟಿದ್ದು" ಅಂದರು.

ಆಮೇಲೆ ಹೇಳಿದರು, ಹೋದ ವಾರ ಆ ಹಿಮದಲ್ಲಿ ನೀವು ಅಲ್ಲಿಗೆ ಹೋಗಿದ್ದಿರಂತೆ. ಕೋಟೂ ಬಿಚ್ಚದೆ, ಹೊತ್ತು ಮುಳುಗುವ ತನಕ, ಬೇಡ ಅನ್ನಲು ಏನೇನು ಕಾರಣವಿದೆಯೋ ಎಲ್ಲ ಅವರ ಮೇಲೆ ಸುರಿದಿರಂತೆ. ನನ್ನ ಮೈ ಉರಿದುಹೋಯಿತು. ಹೆತ್ತ ಮಗಳ ಬಾಗಿಲು ಮುಚ್ಚಲು ಅಷ್ಟು ದೂರ ನಡೆದಿರಾ?

"ಪೆದ್ದಿ" ಅಂದರು. "ನಾಳೆ ಯಾರೂ ಈ ತೀರ್ಪಲ್ಲಿ ತೂತು ಹುಡುಕಬಾರದು ಅಂತ, ಇರೋದನ್ನೆಲ್ಲ ಅವರೇ ತೋರಿಸಿ ಹೋದ್ರು. ಕೊನೇದಕ್ಕೂ ನಾನು ಉತ್ತರ ಹೇಳಿದಾಗ, 'ನಾನು ಒಪ್ಪಲ್ಲ ಪೇಸಾಖ್' ಅಂದ್ರು. ಆಮೇಲೇ ಟೀ ಮುಟ್ಟಿದ್ದು."

ಅದು ನಿಜವೋ, ನನ್ನನ್ನು ಸಮಾಧಾನ ಮಾಡಲು ಆಡಿದ ಮಾತೋ, ನನಗೆ ತಿಳಿಯದು. ನೀವಂತೂ ಬಾಯಿಬಿಡುವವರಲ್ಲ. ನಿನ್ನೆಯಿಂದ ಇದೇ ಕೊರೆಯುತ್ತಿದೆ.

ಬರುವ ಮಂಗಳವಾರ ಬೇಕರಿಯ ಎಲ್ಕೋನೆಯ ಜೊತೆ ನನ್ನ ಮದುವೆ. ನಿಮ್ಮ ಪ್ರಕಾರ ನಾನಿನ್ನೂ ಝಲ್ಮನ್‌ನ ಹೆಂಡತಿ, ನನಗೆ ಹುಟ್ಟುವ ಮಕ್ಕಳಿಗೆ ಕಳಂಕ ತಪ್ಪದು. ಹಿಂದಿನ ಪಂಡಿತರು ಇಂಥದ್ದಕ್ಕೇ ಕಿತ್ತಾಡಿಕೊಂಡೂ ಒಬ್ಬರ ಮನೆಯ ಹೆಣ್ಣನ್ನು ಇನ್ನೊಬ್ಬರು ತಂದುಕೊಂಡರು ಅಂತ ಹಬ್ಬದೂಟದಲ್ಲಿ ಹೇಳುತ್ತಿದ್ದವರು ನೀವೇ. ಹೇಳುವಾಗ ನಿಮ್ಮ ಕಣ್ಣಲ್ಲಿ ನೀರಿರುತ್ತಿತ್ತು.

ಒಪ್ಪಿಕೊಳ್ಳಿ ಅಂತ ಕೇಳುತ್ತಿಲ್ಲ ಅಪ್ಪಾ. ಬಂದು ನನ್ನ ಮನೆಯಲ್ಲಿ ಊಟ ಮಾಡಿ. ನಾಳೆ ನನಗೊಂದು ಮಗುವಾದರೆ ಎತ್ತಿಕೊಳ್ಳಿ. ಮಗು ಮಾತು ಕಲಿತ ಮೇಲೆ ತೊಡೆಯ ಮೇಲೆ ಕೂರಿಸಿಕೊಂಡು, ಅದು ಹುಟ್ಟಬಾರದಿತ್ತು ಅಂತ ಯಾಕೆ ವಾದ ಮಾಡಿದಿರೋ ಅದನ್ನೂ ನೀವೇ ಪಾಠ ಹೇಳಿ.

ಹಿಮದಲ್ಲಿ ನಡೆದ ಕಾಲುಗಳಿಗೆ ನೋವು ಬಾರದಿರಲಿ. ದೇವರು ನಿಮಗೆ ನೆಮ್ಮದಿಯ ನಿದ್ದೆ ಕೊಡಲಿ.

ಎಂದೆಂದೂ ನಿಮ್ಮ ಮಗಳು,
ಹೆನ್ಯಾ